ಹುರುಳಿಯ ಬೇಸಾಯ: ದಾವಣಗೆರೆ, ಹರಿಹರ ಸೀಮೆಯ ಖುಷ್ಕಿ ಜಮೀನಿಗೆ ಹೂಬಿಡುವ ನೆಲಹೊದಿಕೆ

ದಾವಣಗೆರೆಯಿಂದ ಹರಿಹರಕ್ಕೆ ಹೋಗುವ ಹೆದ್ದಾರಿಯಲ್ಲಿ ಕಾರ್ತಿಕಮಾಸದಲ್ಲಿ ಪ್ರಯಾಣಮಾಡುವವರ ಕಣ್ಣಿಗೆ ಎರಡು ಬಗೆಯ ನೆಲವು ಬೀಳುವುದು. 1960ರ ದಶಕದಿಂದೀಚೆಗೆ ಭದ್ರಾ ನಾಲೆಯ ನೀರನ್ನು ಕಂಡ ತಗ್ಗಿನ ಪ್ರದೇಶದಲ್ಲಿ ಬತ್ತದ ಗದ್ದೆಗಳೂ ಅಡಿಕೆ ತೆಂಗಿನ ತೋಟಗಳೂ ಹಸುರಾಗಿರುವುವು. ನಾಲೆಯ ನೀರು ಏರಲಾರದ ಬಾತಿಯ ಗುಡ್ಡದ ಮಗ್ಗುಲಿನಲ್ಲಿಯೂ, ಕೊಂಡಜ್ಜಿಯ ಸುತ್ತಣ ದಿಣ್ಣೆಗಳಲ್ಲಿಯೂ, ಮೂಡಲಿಗೆ ಆನಗೋಡು, ಮಾಯಕೊಂಡ ಹೋಬಳಿಗಳ ಕೆಮ್ಮಣ್ಣಿನ ಹೊಲಗಳಲ್ಲಿಯೂ ಮುಂಗಾರಿನ ಫಸಲು ಮನೆಗೆ ಹೋದ ಬಳಿಕ ನೆಲವು ಬರಿದಾಗಿ ಬಿದ್ದಿರುವುದು. ಮುಂದಿನ ಮುಂಗಾರಿನವರೆಗೆ, ಏಳೆಂಟು ತಿಂಗಳ ಕಾಲ, ಆ ನೆಲದ ಮೇಲೆ ಒಂದು ಎಲೆಯ ನೆರಳೂ ಇರುವುದಿಲ್ಲ.

ಈ ಬರಿಯ ನೆಲಕ್ಕೆ ಹೊದಿಕೆಯಾಗಬಲ್ಲ ಒಂದು ಗಿಡವು ಈ ಸೀಮೆಯಲ್ಲಿಯೇ ಉಂಟು. ಅದು ನೆಲಕ್ಕೆ ಅಂಟಿಕೊಂಡು ಹಬ್ಬುವುದು, ಸ್ವಲ್ಪ ಮಳೆಯಲ್ಲಿ ಬದುಕುವುದು, ತಿಳಿ ಹಳದಿಯ ಹೂ ಬಿಡುವುದು, ಮನೆಗೆ ಕಾಳನ್ನೂ ದನಕ್ಕೆ ಹೊಟ್ಟನ್ನೂ ಕೊಡುವುದು. ಅದೇ ಹುರುಳಿ. ಆಡುಮಾತಿನಲ್ಲಿ ಹುಳ್ಳಿ. ಇದು ಹೊಸ ಬೆಳೆಯಲ್ಲ. ಆದರೆ ಇದನ್ನು ಬೆಳೆಯುವ ಕ್ರಮದಲ್ಲಿ ಅಲಕ್ಷ್ಯವು ಬಹಳವಾಗಿದೆ. ಬೇರೆ ಏನೂ ಆಗದ ತಾಕಿಗೆ ಮಿಕ್ಕ ಬೀಜವನ್ನು ಎರಚಿ ಬರುವುದೇ ಹುರುಳಿಯ ಬೇಸಾಯವೆಂದು ಅನೇಕರು ಎಣಿಸಿರುವರು. ಆ ಅಲಕ್ಷ್ಯವನ್ನು ಬಿಟ್ಟು ಇದನ್ನು ಹೊಲದ ಹೊದಿಕೆಯೆಂದು ಭಾವಿಸಿ ಸಕಾಲದಲ್ಲಿ ಕ್ರಮವಾಗಿ ಬಿತ್ತುವುದು ಹೇಗೆಂಬುದನ್ನು ಮುಂದೆ ವಿವರಿಸಲಾಗಿದೆ.

1. ಬರಿಯ ನೆಲದಿಂದ ಆಗುವ ನಷ್ಟ

ಈ ಸೀಮೆಯ ವಾರ್ಷಿಕ ಮಳೆಯು ಸುಮಾರು 60ರಿಂದ 65 ಸೆಂಟಿಮೀಟರ್, ಅಂದರೆ 25 ಅಂಗುಲದ ಆಸುಪಾಸು. ಇದರಲ್ಲಿ ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ ಬೀಳುವ ಪಾಲು ದೊಡ್ಡದು. ಉತ್ತರೆ, ಹಸ್ತ, ಚಿತ್ತೆ ಮಳೆಗಳು ಜಡಿಯಾಗಿ ಸುರಿಯದೆ, ಸಂಜೆಯ ವೇಳೆ ಗುಡುಗಿನೊಡನೆ ಒಮ್ಮೆಲೇ ಹೊಡೆಯುವುವು. ಒಂದು ಎಕರೆಯ ಮೇಲೆ ಒಂದು ಅಂಗುಲ ಮಳೆ ಬಿದ್ದರೆ ಆ ನೀರಿನ ತೂಕವು ಸುಮಾರು 100 ಟನ್ ಆಗುವುದು. ಅಷ್ಟು ನೀರು ಅರ್ಧ ಗಂಟೆಯಲ್ಲಿ ಬರಿಯ ಕೆಮ್ಮಣ್ಣಿನ ಮೇಲೆ ಬಿದ್ದಾಗ ಹನಿಯ ಪೆಟ್ಟಿಗೆ ಮೇಲ್ಮಣ್ಣು ಕದಡಿ, ಅದರ ಸಣ್ಣ ಕಣಗಳು ನೆಲದ ರಂಧ್ರಗಳನ್ನು ಮುಚ್ಚಿಬಿಡುವುವು. ಬಳಿಕ ನೀರು ಇಂಗದೆ ಮೇಲೆಯೇ ಹರಿದು ಮಣ್ಣನ್ನೂ ಕೊಂಡೊಯ್ಯುವುದು.

ಹೀಗೆ ಹೋಗುವ ಮಣ್ಣಿನ ಲೆಕ್ಕವನ್ನು ಯಾರೂ ಇಡುವುದಿಲ್ಲ. ಒಂದು ಎಕರೆಯಿಂದ ಕೇವಲ ಒಂದು ಮಿಲಿಮೀಟರ್ ದಪ್ಪದ ಮಣ್ಣು ಕೊಚ್ಚಿಹೋದರೆ ಅದರ ತೂಕವು 5ರಿಂದ 6 ಟನ್ ಆಗುವುದು. ಅರ್ಧ ಟನ್ ಹೇರುವ ಎತ್ತಿನ ಗಾಡಿಯಲ್ಲಿ ಅದು ಹತ್ತು ಹನ್ನೆರಡು ಗಾಡಿಯ ಮಣ್ಣು. ಅದು ಹೋಗಿ ಸೇರುವುದು ಊರ ಕೆರೆಯ ಒಡಲನ್ನು. ಬೇಸಗೆ ಬಂದೊಡನೆ ಅದೇ ಕೆರೆಯ ಗೋಡನ್ನು ರೈತರು ಬಾಡಿಗೆ ಕೊಟ್ಟು, ಕೂಲಿ ಕೊಟ್ಟು, ಟ್ರ್ಯಾಕ್ಟರಿನಲ್ಲಿ ತುಂಬಿಸಿ ಹೊಲಕ್ಕೆ ಹೊಡೆಸುವರು. ಒಂದು ಸಂಜೆಯಲ್ಲಿ ಪುಕ್ಕಟೆಯಾಗಿ ಹೊರಟುಹೋದುದನ್ನು ಹಣ ತೆತ್ತು ಹಿಂದಕ್ಕೆ ತರಬೇಕಾಗುವುದು; ಹೋದುದೆಲ್ಲವೂ ಹಿಂದಕ್ಕೆ ಬರುವುದೂ ಇಲ್ಲ. ಬದು ಹಾಕುವುದರಿಂದ ಹರಿಯುವ ನೀರಿನ ವೇಗವು ತಗ್ಗುವುದು ನಿಜ. ಆದರೆ ಬೀಳುವ ಹನಿಯ ಪೆಟ್ಟನ್ನು ಬದುವು ತಡೆಯಲಾರದು. ಆ ಪೆಟ್ಟನ್ನು ತಡೆಯತಕ್ಕದ್ದು ಎಲೆ.

2. ಗಿಡದ ಲಕ್ಷಣಗಳು

ಹುರುಳಿಯು ದ್ವಿದಳ ಧಾನ್ಯಗಳ ವರ್ಗಕ್ಕೆ ಸೇರಿದ ಒಂದು ವರ್ಷದೊಳಗಿನ ಸಸ್ಯ. ಹಳೆಯ ಪುಸ್ತಕಗಳಲ್ಲಿ ಇದರ ಶಾಸ್ತ್ರೀಯ ನಾಮವು ಡಾಲಿಕಾಸ್ ಬೈಫ್ಲೋರಸ್ ಎಂದಿತ್ತು. ಈಗ ಮ್ಯಾಕ್ರೊಟೈಲೋಮ ಯೂನಿಫ್ಲೋರಮ್ ಎಂದು ಕರೆಯುವರು. ಗಿಡವು ಒಂದು ಮೊಳದ ಎತ್ತರವನ್ನು ಮೀರುವುದು ಅಪರೂಪ. ತುದಿಗಳು ಬಳ್ಳಿಯಂತೆ ಅಕ್ಕಪಕ್ಕಕ್ಕೆ ಚಾಚಿ ಒಂದರೊಡನೊಂದು ಹೆಣೆದುಕೊಳ್ಳುವುದರಿಂದ, ಬಿತ್ತಿದ ಆರು ವಾರಗಳ ಹೊತ್ತಿಗೆ ಸಾಲುಗಳ ನಡುವಣ ನೆಲವು ಮರೆಯಾಗುವುದು. ಮೂರು ದಳದ ಎಲೆ, ಕಾಂಡ, ಕಾಯಿ ಇವೆಲ್ಲದರ ಮೇಲೂ ನವುರಾದ ರೋಮವಿರುವುದು. ಎಲೆಯ ಸಂದಿನಲ್ಲಿ ಒಂದರಿಂದ ಮೂರರವರೆಗೆ ತಿಳಿ ಹಳದಿಯ ಹೂಗಳು ಬಿಡುವುವು. ಅಗಲವಾದ ಮೇಲಿನ ಎಸಳಿನ ಬುಡದಲ್ಲಿ ನೇರಿಳೆ ಬಣ್ಣದ ಚುಕ್ಕೆಯಿರುವುದು. ಕಾಯಿ ಕುಡುಗೋಲಿನಂತೆ ಬಾಗಿ ಐದಾರು ಕಾಳುಗಳನ್ನು ಹೊಂದಿರುವುದು.

ತಾಯಿಬೇರು ನೇರವಾಗಿ ಕೆಳಕ್ಕೆ ಇಳಿದು ಒಳತೇವವನ್ನು ಹುಡುಕಿಕೊಳ್ಳುವುದು. ಬೇರಿನ ಗಂಟುಗಳಲ್ಲಿ ವಾಸಿಸುವ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುವುವು. ಬರ ಬಂದಾಗ ಈ ಗಿಡವು ಬೆಳವಣಿಗೆಯನ್ನು ತಡೆಹಿಡಿದು ಕಾದಿದ್ದು, ಹನಿ ಬಿದ್ದೊಡನೆ ಪುನಃ ಚಿಗುರುವುದು. ಬರಕ್ಕೆ ಅಂಜದ ಗುಣವು ಇದಕ್ಕೆ ಬಂದುದು ಈ ನಾಡಿನ ಒಣ ನೆಲದಲ್ಲಿಯೇ. ಬಳ್ಳಾರಿಯ ಬಳಿಯ ಸಂಗನಕಲ್ಲು, ತುಂಗಭದ್ರೆಯ ದಂಡೆಯ ಹಳ್ಳೂರು ಮೊದಲಾದ ನವಶಿಲಾಯುಗದ ನೆಲೆಗಳಲ್ಲಿ ಸುಟ್ಟು ಕರಿಯಾದ ಹುರುಳಿಕಾಳುಗಳು ಸಿಕ್ಕಿರುವುವು. ಸುಮಾರು 4000 ವರ್ಷಗಳ ಹಿಂದೆ ಈ ಹೊಳೆಸಾಲಿನ ಜನರು ಇದನ್ನು ಉಣ್ಣುತ್ತಿದ್ದರು. ಕುದುರೆಗೆ ಇದನ್ನು ಬೇಯಿಸಿ ಹಾಕುವುದನ್ನು ಕಂಡ ಇಂಗ್ಲಿಷರು ಕುದುರೆಯ ಕಾಳು ಎಂಬರ್ಥದ ಹೆಸರನ್ನಿಟ್ಟರು. ಇದರ ಗೌರವವು ತಗ್ಗಲು ಆ ಹೆಸರೂ ಒಂದು ಕಾರಣವೆನ್ನಬಹುದು.

3. ಯೋಗ್ಯವಾದ ಭೂಮಿ

ಕೆಮ್ಮಣ್ಣು, ಮಸಾರಿ, ಮರಳುಮಿಶ್ರಿತ ಮಣ್ಣು, ಗರಸಿನ ದಿಣ್ಣೆ ಇವೆಲ್ಲವೂ ಹುರುಳಿಗೆ ಆಗುವುವು. ನೀರು ನಿಲ್ಲುವ ಭೂಮಿ ಮಾತ್ರ ಆಗದು. ಎರಡು ದಿನ ಬುಡದಲ್ಲಿ ನೀರು ನಿಂತರೆ ಬೇರು ಕೊಳೆಯತೊಡಗುವುದು. ಆದುದರಿಂದ ಹರಿಹರದ ಹೊಳೆದಂಡೆಯ ಆಳವಾದ ಎರೆಭೂಮಿಯನ್ನು ಬಿಳಿಜೋಳಕ್ಕೂ ಕಡಲೆಗೂ ಬಿಟ್ಟು, ಹುರುಳಿಯನ್ನು ಎತ್ತರದ ಮಸಾರಿಗೆ ಮೀಸಲಿಡುವುದು ಲೇಸು. ಎಳೆಯ ತೆಂಗು, ಮಾವಿನ ತೋಟಗಳಲ್ಲಿ ಗಿಡದ ಬುಡದ ಪಾತಿಯನ್ನು ಬಿಟ್ಟು ಉಳಿದ ತೆರಪಿನಲ್ಲಿಯೂ ಇದನ್ನು ಬಿತ್ತಬಹುದು. ಹೂ ಬಿಡುವ ಹೊತ್ತಿಗೆ ಅಲ್ಲಿಯೇ ಉತ್ತರೆ ಹಸುರು ಗೊಬ್ಬರವಾಗುವುದು.

4. ಬಿತ್ತನೆಯ ಕಾಲ

ಹುರುಳಿಯ ಬೇಸಾಯದಲ್ಲಿ ಸೋಲು ಗೆಲುವುಗಳು ಬಹುಮಟ್ಟಿಗೆ ಬಿತ್ತನೆಯ ಕಾಲವನ್ನೇ ಅವಲಂಬಿಸಿರುವುವು. ಈ ಗಿಡವು ಹೂ ಬಿಡುವುದು ಹಗಲು ಮೊಟಕಾಗತೊಡಗಿದ ಮೇಲೆ. ಜೂನ್, ಜುಲೈ ತಿಂಗಳಲ್ಲಿ ಬಿತ್ತಿದರೆ ಬಳ್ಳಿಯು ಸೊಕ್ಕಿ ಹಬ್ಬಿ, ಎಲೆಯೇ ಹೆಚ್ಚಾಗಿ, ಕಾಯಿ ಕಡಿಮೆಯಾಗುವುದು. ಮೇವಿಗೂ ಹಸುರು ಗೊಬ್ಬರಕ್ಕೂ ಆ ಬಿತ್ತನೆ ಸರಿಯೇ, ಕಾಳಿಗೆ ಸಲ್ಲದು.

ತಡವಾದರೂ ಕೆಡುಕೇ. ಈ ಸೀಮೆಯ ಮಾಗಿಯು ಒಣ ಚಳಿಯದು. ಮಾರ್ಗಶಿರ, ಪುಷ್ಯ ಮಾಸಗಳಲ್ಲಿ ಮೂಡಣ ಗಾಳಿ ಬೀಸಿ, ರಾತ್ರಿಯ ಉಷ್ಣತೆಯು 15 ಡಿಗ್ರಿ ಸೆಲ್ಸಿಯಸ್ಸಿಗಿಂತ ಕೆಳಕ್ಕೆ ಇಳಿಯುವುದೂ ಉಂಟು. ಬೆಚ್ಚನೆಯ ಹವೆಯನ್ನು ಬಯಸುವ ಹುರುಳಿಯ ಎಳೆ ಸಸಿಯು ಆ ಚಳಿಗೆ ಮುರುಟಿಕೊಂಡು, ನೆಲವನ್ನು ಮುಚ್ಚುವ ಮೊದಲೇ ನಾಲ್ಕು ಹೂ ಬಿಟ್ಟು ಮುಗಿಯುವುದು. ಬೆಳೆದು ಕಾಯಿಕಟ್ಟಿದ ಗಿಡಕ್ಕೆ ಅದೇ ಒಣ ಚಳಿಯು ಅಷ್ಟು ಬಾಧಕವಲ್ಲ. ಕಾಯಿ ಮಾಗಲು ಒಣ ಹವೆಯು ಅನುಕೂಲವೇ ಆಗುವುದು.

ಆದುದರಿಂದ ಚಳಿ ಬರುವ ಮೊದಲು ಗಿಡವು ಮೈತುಂಬಿಕೊಳ್ಳುವಂತೆ ಕಾಲವನ್ನು ಗೊತ್ತುಮಾಡಿಕೊಳ್ಳಬೇಕು. ಹುಬ್ಬೆ, ಉತ್ತರೆ ಮಳೆಗಳ ಬೆದೆಯಲ್ಲಿ, ಅಂದರೆ ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್ ಕೊನೆಯವರೆಗೆ, ಬಿತ್ತುವುದು ಉತ್ತಮ. ಹಸ್ತದ ಮಳೆಗೆ, ಅಕ್ಟೋಬರ್ ಮೊದಲ ವಾರದೊಳಗೆ, ಬಿತ್ತುವುದು ಮಧ್ಯಮ. ಚಿತ್ತೆ, ಸ್ವಾತಿಗಳ ಬಿತ್ತನೆಯಿಂದ ಕಾಳನ್ನು ನಿರೀಕ್ಷಿಸತಕ್ಕದ್ದಲ್ಲ.

5. ಭೂಮಿಯ ಸಿದ್ಧತೆಯೂ ಬಿತ್ತನೆಯೂ

ಮುಂಗಾರಿನ ಹೆಸರು, ಎಳ್ಳು ಅಥವಾ ಬೇಗ ಬರುವ ಶೇಂಗಾ ಕಿತ್ತೊಡನೆ ತಡಮಾಡದೆ ಒಂದು ಸಲ ಕುಂಟೆ ಹೊಡೆದರೆ ಸಾಕು. ಆಳವಾದ ಉಳುಮೆಯು ಬೇಕಿಲ್ಲ. ಅದರಿಂದ ತೇವವು ಆರುವುದಲ್ಲದೆ ಮಣ್ಣು ಸಡಿಲವಾಗಿ ಕೊಚ್ಚಿಹೋಗಲೂ ಆಸ್ಪದವಾಗುವುದು. ಮಳೆ ಕೈಕೊಟ್ಟು ಮುಂಗಾರಿನ ಬೆಳೆ ಒಣಗಿಹೋದ ವರ್ಷಗಳಲ್ಲಿ ಹೊಲವನ್ನು ಹಾಳುಬಿಡದೆ, ಹುಬ್ಬೆಯ ಹನಿ ಬಿದ್ದೊಡನೆ ಹರಗಿ ಹುರುಳಿಯನ್ನು ಬಿತ್ತತಕ್ಕದ್ದು.

ಬೀಜವನ್ನು ಆರಿಸುವಾಗ ಕಲ್ಲು, ಮುರುಕು, ತೂತುಬಿದ್ದ ಕಾಳುಗಳನ್ನು ತೆಗೆದುಹಾಕಬೇಕು. ನೂರು ಕಾಳುಗಳನ್ನು ಎಣಿಸಿ ಒದ್ದೆ ಗೋಣಿಯಲ್ಲಿ ಸುತ್ತಿಟ್ಟು ನಾಲ್ಕೈದು ದಿನಗಳಲ್ಲಿ ಎಂಬತ್ತಾದರೂ ಮೊಳೆತರೆ ಅದು ಒಳ್ಳೆಯ ಬೀಜ. ಸುಧಾರಿತ ತಳಿಗಳಲ್ಲಿ ಪಿ.ಎಚ್.ಜಿ. 9, ಜಿ.ಪಿ.ಎಂ. 6 ಎಂಬುವು ಕರ್ನಾಟಕದಲ್ಲಿ ಪ್ರಚಾರದಲ್ಲಿರುವುವು. ಬೀಜ ದೊರೆಯುವ ವಿಚಾರವನ್ನು ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಮೊದಲೇ ತಿಳಿದುಕೊಳ್ಳುವುದು ವಿಹಿತ. ಬಿತ್ತುವ ಮುನ್ನ ಬೆಲ್ಲದ ಅಂಟುನೀರನ್ನು ಬೀಜಕ್ಕೆ ಸವರಿ, ಎಕರೆಯ ಬೀಜಕ್ಕೆ 200 ಗ್ರಾಂ ರೈಜೋಬಿಯಂ ಜೀವಾಣು ಗೊಬ್ಬರವನ್ನು ಲೇಪಿಸಿ ನೆರಳಿನಲ್ಲಿ ಆರಿಸಬೇಕು. ಬಿಸಿಲಿನಲ್ಲಿ ಆರಿಸಿದರೆ ಜೀವಾಣುಗಳು ಸಾಯುವುವು.

ಎರಚುವುದಕ್ಕಿಂತ ಕೂರಿಗೆಯಿಂದ ಸಾಲಾಗಿ ಬಿತ್ತುವುದು ಎಲ್ಲ ವಿಧದಲ್ಲಿಯೂ ಮೇಲು. ಸಾಲಿನಿಂದ ಸಾಲಿಗೆ ಒಂದು ಅಡಿ, ಗಿಡದಿಂದ ಗಿಡಕ್ಕೆ ನಾಲ್ಕು ಅಂಗುಲ ಅಂತರವಿರಲಿ. ಬೀಜವು ಎರಡು ಬೆರಳಿನ ಆಳಕ್ಕೆ ಬೀಳಲಿ. ಈ ಕ್ರಮದಲ್ಲಿ ಎಕರೆಗೆ 10 ಕಿಲೋಗ್ರಾಂ ಬೀಜವು ಸಾಕಾಗುವುದು. ಎರಚಿದರೆ 15 ಕಿಲೋಗ್ರಾಂವರೆಗೂ ಹಿಡಿಯುವುದು, ಆದರೂ ಹುಟ್ಟುವುದು ಗುಂಪುಗುಂಪಾಗಿ, ನಡುನಡುವೆ ಬೋಳು ಬಿಟ್ಟು. ನೆಲಹೊದಿಕೆಯ ದೃಷ್ಟಿಯಿಂದ ಆ ಬೋಳುಗಳೇ ದೋಷ. ನೀರು ಅಲ್ಲಿಂದಲೇ ದಾರಿ ಮಾಡಿಕೊಳ್ಳುವುದು.

ಕೂರಿಗೆಯನ್ನು ಇಳಿಜಾರಿಗೆ ಅಡ್ಡಲಾಗಿಯೇ ಹೊಡೆಯಬೇಕು. ಹೊಲದ ಉದ್ದಕ್ಕೆ ಹೊಡೆದರೆ ಎತ್ತು ತಿರುಗಿಸುವ ಶ್ರಮ ಕಡಿಮೆಯೆಂದು ಮೇಲಿನಿಂದ ಕೆಳಕ್ಕೆ ಸಾಲು ಹಿಡಿಯುವ ವಾಡಿಕೆಯುಂಟು. ಹಾಗೆ ಮಾಡಿದ ಹೊಲದಲ್ಲಿ ಪ್ರತಿಯೊಂದು ಸಾಲೂ ಒಂದು ಸಣ್ಣ ಕಾಲುವೆಯಾಗಿ ಮಣ್ಣನ್ನು ಕೆರೆಗೆ ಸಾಗಿಸುವುದು. ಅಡ್ಡ ಸಾಲಿನ ಹೊಲದಲ್ಲಾದರೋ ಪ್ರತಿಯೊಂದು ಸಾಲೂ ಒಂದು ಸಣ್ಣ ಬದುವಾಗಿ ನೀರನ್ನು ತಡೆಯುವುದು. ಖರ್ಚು ಎರಡಕ್ಕೂ ಒಂದೇ.

6. ಗೊಬ್ಬರ

ಹುರುಳಿಗೆ ಗೊಬ್ಬರವೇ ಬೇಡವೆಂಬ ನಂಬಿಕೆಯು ಸರಿಯಲ್ಲ. ಸಾರಜನಕವನ್ನು ಇದು ಬಹುಮಟ್ಟಿಗೆ ತಾನೇ ಸಂಪಾದಿಸಿಕೊಳ್ಳುವುದು, ರಂಜಕವನ್ನು ಸಂಪಾದಿಸಿಕೊಳ್ಳಲಾರದು. ಮುಂಗಾರಿನ ಬೆಳೆಗೆ ಕೊಟ್ಟಿಗೆ ಗೊಬ್ಬರ ಹಾಕಿದ್ದರೆ ಅದರ ಶೇಷವು ಇದಕ್ಕೆ ಸಲ್ಲುವುದು. ಅದರ ಮೇಲೆ ಎಕರೆಗೆ ಎರಡು ಚೀಲ, ಅನುಕೂಲವಿಲ್ಲದವರು ಒಂದು ಚೀಲವಾದರೂ, ಸೂಪರ್ ಫಾಸ್ಫೇಟನ್ನು ಬಿತ್ತುವಾಗಲೇ ಸಾಲಿಗೆ ಕೊಟ್ಟರೆ ಬೇರೂ ಬೇರಿನ ಗಂಟುಗಳೂ ಚೆನ್ನಾಗಿ ಬೆಳೆಯುವುವು. ಚೀಲವೆಂದರೆ 50 ಕಿಲೋಗ್ರಾಂ. ಯೂರಿಯಾವನ್ನು ಹೆಚ್ಚಾಗಿ ಹಾಕಿದರೆ ಬಳ್ಳಿ ಹಬ್ಬುವುದೇ ಹೊರತು ಕಾಯಿ ಹೆಚ್ಚುವುದಿಲ್ಲ.

7. ಕಳೆ, ಕೀಟ, ರೋಗ

ಬಿತ್ತಿದ ಮೂರನೆಯ ಅಥವಾ ನಾಲ್ಕನೆಯ ವಾರದಲ್ಲಿ ಒಂದು ಸಲ ಎಡೆಕುಂಟೆ ಹೊಡೆಯತಕ್ಕದ್ದು. ಆಮೇಲೆ ಎಲೆಗಳು ಕೂಡಿಕೊಳ್ಳುವುದರಿಂದ ಕಳೆಗೆ ಬೆಳಕು ಸಿಕ್ಕದು. ಬಳ್ಳಿ ಹೆಣೆದುಕೊಂಡ ಬಳಿಕ ಹೊಲದಲ್ಲಿ ತುಳಿದಾಡಬಾರದು.

ಎಲೆಗಳು ಹಳದಿ ಹಸುರಿನ ಮಚ್ಚೆಗಳಾಗಿ ಗಿಡವು ಕುಗ್ಗಿದರೆ ಅದು ಹಳದಿ ನಂಜುರೋಗ. ಬಿಳಿ ನೊಣಗಳು ಇದನ್ನು ಗಿಡದಿಂದ ಗಿಡಕ್ಕೆ ಒಯ್ಯುವುವು. ರೋಗ ತಗಲಿದ ಗಿಡಕ್ಕೆ ಔಷಧವಿಲ್ಲ. ಮೊದಲು ಕಂಡ ಗಿಡಗಳನ್ನು ಆಗಲೇ ಕಿತ್ತು ಹೂಳಿದರೆ ಉಳಿದವು ಬದುಕುವುವು. ಗಿಡಗಳು ಅಲ್ಲಲ್ಲಿ ಒಣಗಿ, ಕಿತ್ತಾಗ ಬೇರು ಕಪ್ಪಾಗಿ ಪುಡಿಯಾದರೆ ಅದು ಬೇರು ಕೊಳೆ ರೋಗ. ಅಂಥ ತಾಕಿನಲ್ಲಿ ಮರುವರ್ಷ ಹುರುಳಿಯನ್ನು ಬಿತ್ತದೆ ಸಜ್ಜೆ, ನವಣೆ ಮುಂತಾದ ಧಾನ್ಯವನ್ನು ಬೆಳೆಯಬೇಕು. ಕಂಬಳಿಹುಳುವಿನ ಮೊಟ್ಟೆಗಳು ಎಲೆಯಡಿಯಲ್ಲಿ ಗುಂಪಾಗಿರುವಾಗಲೇ ಆರಿಸಿ ನಾಶಮಾಡಿದರೆ ಖರ್ಚಿಲ್ಲದೆ ಮುಗಿಯುವುದು.

8. ಕಟಾವು ಮತ್ತು ಒಕ್ಕಣೆ

ಬೆಳೆಯು ಮೂರರಿಂದ ಮೂರೂವರೆ ತಿಂಗಳಲ್ಲಿ ಮಾಗುವುದು. ಕಾಯಿಗಳು ಒಣಹುಲ್ಲಿನ ಬಣ್ಣಕ್ಕೆ ತಿರುಗಿದೊಡನೆ ಕೊಯ್ಯಬೇಕು. ತಡಮಾಡಿದರೆ ಬಿಸಿಲಿಗೆ ಕಾಯಿ ಸಿಡಿದು ಕಾಳು ನೆಲದ ಪಾಲಾಗುವುದು. ಇಬ್ಬನಿ ಆರುವ ಮೊದಲು, ಬೆಳಗಿನ ಹೊತ್ತಿನಲ್ಲಿ ಕೊಯ್ದರೆ ಸಿಡಿಯುವುದಿಲ್ಲ.

ಇಲ್ಲಿ ಮುಖ್ಯವಾದ ಒಂದು ಮಾತುಂಟು. ಗಿಡವನ್ನು ಬೇರುಸಹಿತ ಕೀಳುವುದು ಎಲ್ಲೆಡೆಯೂ ವಾಡಿಕೆ. ಕುಡುಗೋಲಿಗಿಂತ ಕೈಗೆ ಅದು ಸುಲಭ. ಆದರೆ ಕಿತ್ತ ಹೊಲದ ಮಣ್ಣು ಸಡಿಲವಾಗಿ ಫಾಲ್ಗುಣದ ಗಾಳಿಗೆ ಹಾರುವುದು, ಮುಂದಿನ ಮೇ ತಿಂಗಳ ಅಡ್ಡಮಳೆಗೆ ಕೊಚ್ಚಿಹೋಗುವುದು. ನಾಲ್ಕು ತಿಂಗಳು ಹೊದಿಕೆಯಾಗಿದ್ದ ಬೆಳೆಯ ಪ್ರಯೋಜನವನ್ನು ಒಂದು ದಿನದಲ್ಲಿ ಕಿತ್ತುಹಾಕಿದಂತಾಗುವುದು. ಕುಡುಗೋಲಿನಿಂದ ನೆಲಮಟ್ಟಕ್ಕೆ ಕೊಯ್ದು ಬೇರುಗಳನ್ನು ಅಲ್ಲಿಯೇ ಬಿಟ್ಟರೆ ಅವು ಮಣ್ಣನ್ನು ಹಿಡಿದಿದ್ದು, ಕೊಳೆತು, ಮುಂಗಾರಿನ ನೀರು ಇಂಗಲು ದಾರಿಯಾಗುವುವು. ಎಕರೆಗೆ ಒಂದೆರಡು ಆಳು ಹೆಚ್ಚಾಗಬಹುದು. ಉಳಿಯುವ ಮಣ್ಣಿನೆದುರು ಆ ಕೂಲಿಯು ಅಲ್ಪ.

ಕೊಯ್ದ ಬಳ್ಳಿಯನ್ನು ಕಣದಲ್ಲಿ ನಾಲ್ಕೈದು ದಿನ ಒಣಗಿಸಿ ರೋಣಗಲ್ಲಿನಿಂದಲೋ ಟ್ರ್ಯಾಕ್ಟರಿನಿಂದಲೋ ಒಕ್ಕಬಹುದು. ಟಾರು ರಸ್ತೆಯ ಮೇಲೆ ಹರಡಿ ವಾಹನಗಳ ಚಕ್ರದಿಂದ ಒಕ್ಕಿಸಿಕೊಳ್ಳುವ ಪದ್ಧತಿಯು ಈಚೆಗೆ ಹೆಚ್ಚಾಗಿದೆ. ಇದನ್ನು ಕೂಡಲೇ ಬಿಡತಕ್ಕದ್ದು. ಜಾರುವ ಬಳ್ಳಿಯ ಮೇಲೆ ದ್ವಿಚಕ್ರ ವಾಹನದವರು ಬಿದ್ದು ಪೆಟ್ಟುಮಾಡಿಕೊಂಡಿರುವುದೂ, ಬಳ್ಳಿಯು ಕಾರಿನ ಅಡಿಯಲ್ಲಿ ಸುತ್ತಿಕೊಂಡು ಕಾವೇರಿ ಬೆಂಕಿ ಹತ್ತಿರುವುದೂ ಉಂಟು. ಒಂದು ದಿನದ ಒಕ್ಕಣೆಯ ಉಳಿತಾಯಕ್ಕೆ ಅನ್ಯರ ಪ್ರಾಣವನ್ನು ಒತ್ತೆಯಿಡುವುದು ಒಕ್ಕಲುತನಕ್ಕೆ ತಕ್ಕುದಲ್ಲ. ರಸ್ತೆಯ ಕಾಳಿನಲ್ಲಿ ಸೇರುವ ಮಣ್ಣು, ಜಲ್ಲಿಚೂರುಗಳಿಂದ ಬೆಲೆಯೂ ಕುಸಿಯುವುದು.

ಕ್ರಮವಾಗಿ ಬೆಳೆದಲ್ಲಿ ಎಕರೆಗೆ 2ರಿಂದ 3 ಕ್ವಿಂಟಲ್ ಕಾಳು ಬರುವುದು. ಮಿಕ್ಕುವ ಹೊಟ್ಟು ದನ, ಕುರಿಗಳಿಗೆ ಬೇಸಗೆಯ ಒಳ್ಳೆಯ ಮೇವು.

9. ಶೇಖರಣೆಯೂ ಉಪಯೋಗವೂ

ಹಲ್ಲಿನಲ್ಲಿ ಕಚ್ಚಿದಾಗ ಕಟಕ್ಕೆಂದು ಒಡೆಯುವಂತೆ ಕಾಳನ್ನು ಒಣಗಿಸಿ ಇಡಬೇಕು. ಬೀಜದ ಕಾಳಿಗೆ ಜರಡಿ ಹಿಡಿದ ಬೂದಿಯನ್ನು ಬೆರೆಸುವುದು ಹಿರಿಯರ ಕ್ರಮ. ಊಟದ ಕಾಳಿಗೆ ಕಿಲೋಗ್ರಾಮಿಗೆ ಒಂದು ಚಮಚದಷ್ಟು ಅಡಿಗೆಯ ಎಣ್ಣೆಯನ್ನು ಸವರಿಟ್ಟರೆ ಕಾಳು ಕೊರೆಯುವ ಕೀಟವು ಮೊಟ್ಟೆಯಿಡಲಾರದು.

100 ಗ್ರಾಂ ಹುರುಳಿಯಲ್ಲಿ ಸುಮಾರು 22 ಗ್ರಾಂ ಸಸಾರಜನಕವಿರುವುದು. ಸುಣ್ಣದ ಅಂಶವೂ ಕಬ್ಬಿಣದ ಅಂಶವೂ ಗಣನೀಯ. ಕಾಳಿನಲ್ಲಿರುವ ಕೆಲವು ಪದಾರ್ಥಗಳು ಜೀರ್ಣಕ್ಕೆ ತಡೆಯಾಗುವುದರಿಂದ ರಾತ್ರಿ ನೆನೆಸಿ, ಮೊಳಕೆ ಬರಿಸಿ ಬೇಯಿಸುವುದು ಉತ್ತಮ. ಕಟ್ಟಿನ ಸಾರು, ಮೊಳಕೆಹುರುಳಿಯ ಪಲ್ಯ ಇವು ಮುದ್ದೆಗೂ ರೊಟ್ಟಿಗೂ ಒಪ್ಪುವುವು. ಬೇಳೆಯ ಬೆಲೆ ಏರಿದ ವರ್ಷದಲ್ಲಿ ಮನೆಯ ವಾಡೆಯಲ್ಲಿ ಒಂದು ಚೀಲ ಹುರುಳಿಯಿದ್ದ ಸಂಸಾರವು ಅಂಗಡಿಯ ಸಾಲಕ್ಕೆ ಹೋಗಬೇಕಾಗುವುದಿಲ್ಲ.

10. ರೈತರ ಆಕ್ಷೇಪಣೆಗಳು

ಮೆಕ್ಕೆಜೋಳವು ಹೊಲ ಬಿಡುವ ಹೊತ್ತಿಗೆ ಹಸ್ತ ಕಳೆದಿರುವುದು, ಆಮೇಲೆ ಹುರುಳಿಗೆ ಕಾಲವೆಲ್ಲಿ ಎಂಬುದು ಮೊದಲನೆಯ ಆಕ್ಷೇಪಣೆ. ಇದರಲ್ಲಿ ಸತ್ಯಾಂಶವಿದೆ. ತೆನೆ ಬಲಿತು ಕೆಳಗಿನ ಎಲೆಗಳು ಒಣಗತೊಡಗಿದಾಗ ಸಾಲುಗಳ ನಡುವೆಯೇ ಹುರುಳಿಯನ್ನು ಬಿತ್ತಿನೋಡಬಹುದು. ಆದರೆ ಅಟ್ರಾಜಿನ್ ಕಳೆನಾಶಕವನ್ನು ಹೊಡೆದ ತಾಕಿನಲ್ಲಿ ಅದರ ಶೇಷದಿಂದ ದ್ವಿದಳ ಸಸಿಗಳು ಸೊರಗುವ ಸಂಭವವಿರುವುದರಿಂದ, ಮೊದಲ ವರ್ಷ ನಾಲ್ಕೈದು ಗುಂಟೆಯಲ್ಲಿ ಮಾತ್ರ ಪರೀಕ್ಷಿಸುವುದು ಜಾಣತನ. ಹೊಲವೆಲ್ಲಕ್ಕೂ ಮೆಕ್ಕೆಜೋಳವನ್ನೇ ಹಾಕದೆ, ಹೆಚ್ಚು ಇಳಿಜಾರಾದ ಭಾಗವನ್ನಾದರೂ ಹೆಸರು, ಎಳ್ಳುಗಳಿಗೆ ಬಿಟ್ಟು ಹಿಂದೆ ಹುರುಳಿಯನ್ನು ಹಿಡಿಸುವುದು ಇನ್ನೂ ಭದ್ರವಾದ ಮಾರ್ಗ.

ಹುರುಳಿಯು ನೆಲದ ತೇವವನ್ನು ಹೀರಿಬಿಡುವುದೆಂಬುದು ಎರಡನೆಯದು. ಹಿಂಗಾರಿನಲ್ಲಿ ಬೇರೆ ಬೆಳೆಯನ್ನು ಇಡುವ ಎರೆಭೂಮಿಯಲ್ಲಿ ಈ ಮಾತು ಸರಿ. ಮುಂಗಾರಿನವರೆಗೆ ಏನನ್ನೂ ಇಡದ ಮಸಾರಿಯಲ್ಲಿ ಆ ತೇವವು ಹೇಗೂ ಬಿಸಿಲಿಗೂ ಗಾಳಿಗೂ ಹೋಗತಕ್ಕದ್ದೇ. ಹುರುಳಿಯು ಅದನ್ನು ಕಾಳಾಗಿ ಮಾರ್ಪಡಿಸುವುದು.

ಹುರುಳಿ ಹಾಕಿದರೆ ಮರುವರ್ಷ ಗೊಬ್ಬರವೇ ಬೇಡವೆಂದು ಕೆಲವರು ಹೇಳುವುದೂ ಅತಿಶಯೋಕ್ತಿ. ಗಿಡವು ಸಂಪಾದಿಸಿದ ಸಾರಜನಕದ ಹೆಚ್ಚಿನ ಭಾಗವು ಕಾಳಿನೊಡನೆ ಮನೆಗೆ ಹೋಗುವುದು. ಬೇರಿನಲ್ಲಿಯೂ ಉದುರಿದ ಎಲೆಯಲ್ಲಿಯೂ ಉಳಿಯುವುದು ಸ್ವಲ್ಪ. ಹುರುಳಿಯಿಂದ ಹೊಲಕ್ಕೆ ಆಗುವ ದೊಡ್ಡ ಲಾಭವು ಸೇರುವ ಗೊಬ್ಬರವಲ್ಲ, ಹೋಗದೆ ಉಳಿಯುವ ಮಣ್ಣು.

ಗಮನದಲ್ಲಿಡತಕ್ಕ ಅಂಶಗಳು

(1) ಮುಂಗಾರಿನ ಫಸಲು ಬಂದ ಮೇಲೆ ಇಳಿಜಾರಾದ ಕೆಮ್ಮಣ್ಣಿನ ಹೊಲವನ್ನು ಬರಿದಾಗಿ ಬಿಡಬಾರದು.
(2) ಹುಬ್ಬೆ, ಉತ್ತರೆಗಳ ಬೆದೆಯಲ್ಲಿ ಬಿತ್ತಬೇಕು. ಹಸ್ತವು ಕೊನೆಯ ಗಡುವು.
(3) ಎಕರೆಗೆ 10 ಕಿಲೋಗ್ರಾಂ ಬೀಜವನ್ನು ಕೂರಿಗೆಯಿಂದ, ಇಳಿಜಾರಿಗೆ ಅಡ್ಡಲಾಗಿ ಬಿತ್ತಬೇಕು.
(4) ಬೀಜಕ್ಕೆ ರೈಜೋಬಿಯಂ, ಸಾಲಿಗೆ ಸೂಪರ್ ಫಾಸ್ಫೇಟ್ ಕೊಡಬೇಕು.
(5) ಗಿಡವನ್ನು ಕೀಳದೆ ಕೊಯ್ಯಬೇಕು, ರಸ್ತೆಯಲ್ಲಿ ಒಕ್ಕಬಾರದು.

ಈ ಕ್ರಮಗಳಲ್ಲಿ ಹೆಚ್ಚು ಹಣ ಬೇಡುವುದು ಯಾವುದೂ ಇಲ್ಲ. ಆನಗೋಡಿನ ಕಡೆಯ ಒಬ್ಬ ರೈತನು ಮೂರು ಎಕರೆಯಲ್ಲಿ ಒಂದೇ ಎಕರೆಗೆ ಈ ವರ್ಷ ಹೀಗೆ ಹುರುಳಿಯನ್ನು ಹೊದಿಸಿ, ಉಳಿದ ಎರಡನ್ನು ಹಿಂದಿನಂತೆಯೇ ಬಿಡಲಿ. ಚಿತ್ತೆಯ ಮಳೆ ಹೊಡೆದ ಮರುದಿನ ಬೆಳಿಗ್ಗೆ ಎರಡೂ ತಾಕುಗಳ ಕೆಳಬದುವಿನಲ್ಲಿ ನಿಂತು ನೀರಿನ ಬಣ್ಣವನ್ನು ನೋಡಲಿ. ಒಂದು ಕಡೆ ಕೆಂಪಾಗಿಯೂ ಇನ್ನೊಂದು ಕಡೆ ತಿಳಿಯಾಗಿಯೂ ಹರಿಯುವುದನ್ನು ಕಂಡ ಮೇಲೆ, ಮುಂದಿನ ವರ್ಷ ಯಾವ ತಾಕಿಗೆ ಏನು ಮಾಡಬೇಕೆಂಬುದು ಅವನಿಗೆ ತಾನೇ ತಿಳಿಯುವುದು.